ದೂರದರ್ಶನದ ಜನಕ ಜಾನ್ ಲೋಗಿ ಬೇರ್ಡ್

ದೂರದಲ್ಲಿ ನಡೆಯುವುದನ್ನು ಕುಳಿತಲ್ಲಿಂದಲೇ ಕಾಣಬೇಕೆಂಬ ಆಸೆ ಮಾನವನಿಗೆ ಇಂದು ನಿನ್ನೆಯದಲ್ಲ. ಸಂಜಯನು ಅರಮನೆಯಲ್ಲಿದ್ದುಕೊಂಡೇ ಕುರುಕ್ಷೇತ್ರದ ಯುದ್ಧವನ್ನು ಕಂಡು ಧೃತರಾಷ್ಟ್ರನಿಗೆ ವಿವರಿಸಿದ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಆದರೆ ಸಂಜಯನಿಗೆ ಆ ದೃಷ್ಟಿ ವರವಾಗಿ ದೊರಕಿತು. ವರದ ಹಂಗಿಲ್ಲದೆ, ಕೈಯಲ್ಲಿ ಕಾಸಿಲ್ಲದೆ, ಮೈಯಲ್ಲಿ ಆರೋಗ್ಯವೂ ಇಲ್ಲದೆ, ಹಳೆಯ ಡಬ್ಬಿ, ರಟ್ಟು, ಸೂಜಿ, ಅರಗುಗಳಿಂದ ಆ ದೃಷ್ಟಿಯನ್ನು ಕಟ್ಟಿಕೊಂಡವನೊಬ್ಬನಿದ್ದನು. ಅವನೇ ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್. ಅವನ ಜೀವನವನ್ನೂ, ಅವನು ಮಾಡಿದ ಯಂತ್ರಗಳು ಇಂದಿಗೂ ಹೇಗೆ ಮರಳಿ ಜೀವ ಪಡೆಯುತ್ತಿವೆ ಎಂಬುದನ್ನೂ ಈ ಲೇಖನದಲ್ಲಿ ನೋಡೋಣ.

ಬೇರ್ಡನು 1888ನೆಯ ಇಸವಿ ಆಗಸ್ಟ್ 13ರಂದು ಗ್ಲಾಸ್ಗೋ ನಗರಕ್ಕೆ ಸಮೀಪದ ಹೆಲೆನ್ಸ್‌ಬರೋ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ತಂದೆ ಅಲ್ಲಿನ ಚರ್ಚಿನ ಪಾದ್ರಿ. ನಾಲ್ಕು ಮಕ್ಕಳಲ್ಲಿ ಇವನೇ ಕಿರಿಯವನು. ಎಳೆವಯಸ್ಸಿನಲ್ಲಿ ಬಂದ ಕಾಯಿಲೆಯಿಂದ ದೇಹ ದುರ್ಬಲವಾಯಿತು. ನೆಗಡಿ ಜ್ವರಗಳು ಜೀವಮಾನವಿಡೀ ಅವನ ಬೆನ್ನು ಬಿಡಲಿಲ್ಲ. ಆಟದ ಮೈದಾನದಲ್ಲಿ ಮುಂದೆ ಬರಲಾಗದ ಹುಡುಗನು ತನ್ನ ಬುದ್ಧಿಯನ್ನು ತಂತಿ, ಬ್ಯಾಟರಿಗಳ ಕಡೆಗೆ ಹರಿಸಿದನು. ಮನೆಯಿಂದ ಗೆಳೆಯರ ಮನೆಗಳಿಗೆ ತಂತಿ ಎಳೆದು ಒಂದು ಪುಟ್ಟ ಟೆಲಿಫೋನ್ ಕೇಂದ್ರವನ್ನೇ ನಡೆಸಿದನು. ತಂದೆಯ ಮನೆಗೆ ವಿದ್ಯುದ್ದೀಪಗಳನ್ನೂ ಅವನೇ ಹಾಕಿದನು.

ಮುಂದೆ ಅವನು ಗ್ಲಾಸ್ಗೋದ ತಾಂತ್ರಿಕ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿತನು. ಅಲ್ಲಿ ಅವನ ಸಹಪಾಠಿಯಾಗಿದ್ದ ಜಾನ್ ರೀತ್ ಎಂಬವನೇ ಮುಂದೆ ಬಿ.ಬಿ.ಸಿ.ಯ ಮುಖ್ಯಸ್ಥನಾದನು. ಬಳಿಕ ಬೇರ್ಡನು ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿದರೂ ಮೊದಲನೆಯ ಮಹಾಯುದ್ಧ ಆರಂಭವಾಗಿ ಪದವಿ ಅರ್ಧಕ್ಕೇ ನಿಂತಿತು. ಸೈನ್ಯಕ್ಕೆ ಸೇರಹೋದಾಗ ದೇಹ ತಕ್ಕುದಲ್ಲವೆಂದು ವೈದ್ಯರು ಹಿಂದಕ್ಕೆ ಕಳುಹಿಸಿದರು. ಕ್ಲೈಡ್ ಕಣಿವೆಯ ವಿದ್ಯುತ್ ಕಂಪನಿಯೊಂದರಲ್ಲಿ ನೌಕರಿ ದೊರೆಯಿತು. ಅಲ್ಲಿಯೂ ಅವನು ಸುಮ್ಮನಿರಲಿಲ್ಲ. ಇಂಗಾಲಕ್ಕೆ ಭಾರೀ ವಿದ್ಯುತ್ತನ್ನು ಹಾಯಿಸಿ ವಜ್ರವನ್ನು ಮಾಡಹೋದನು. ವಜ್ರವಂತೂ ದೊರೆಯಲಿಲ್ಲ, ಊರಿನ ಒಂದು ಭಾಗಕ್ಕೆ ವಿದ್ಯುತ್ ಮಾತ್ರ ಕಡಿದುಹೋಯಿತು.

ನೌಕರಿ ಬಿಟ್ಟ ಮೇಲೆ ವ್ಯಾಪಾರದ ಸರದಿ. ಚಳಿಗಾಲದಲ್ಲಿ ಕಾಲನ್ನು ಬೆಚ್ಚಗಿಡುವ ಒಳಗಾಲುಚೀಲವನ್ನು ಮಾಡಿ ಮಾರಿ ನಾಲ್ಕು ಕಾಸು ಗಳಿಸಿದನು. ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ಹೋಗಿ ಹಣ್ಣಿನ ಜಾಮ್ ತಯಾರಿಸಹೊರಟನು. ಕುದಿಯುವ ಸಕ್ಕರೆಯ ವಾಸನೆಗೆ ಕಾಡಿನ ಕೀಟಗಳೆಲ್ಲ ಮುತ್ತಿಕೊಂಡು ಆ ಉದ್ಯಮ ಮುಗಿಯಿತು. ಲಂಡನ್ನಿಗೆ ಬಂದು ಸಾಬೂನಿನ ವ್ಯಾಪಾರ ಮಾಡಿದನು. ಪ್ರತಿ ಸಲವೂ ಆರೋಗ್ಯ ಕೆಟ್ಟು ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಕೊನೆಗೆ 1923ರಲ್ಲಿ, ಮೂವತ್ತೈದರ ಹೊಸ್ತಿಲಿನಲ್ಲಿ, ಕೆಲಸವೂ ಇಲ್ಲದೆ ಹಣವೂ ಇಲ್ಲದೆ ವಿಶ್ರಾಂತಿಗೆಂದು ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಎಂಬ ಊರನ್ನು ಸೇರಿದನು. ಲೋಕದ ಲೆಕ್ಕದಲ್ಲಿ ಅವನೊಬ್ಬ ಸೋತ ಮನುಷ್ಯ. ಆದರೆ ಅವನ ನಿಜವಾದ ಕೆಲಸ ಅಲ್ಲಿಂದಲೇ ಮೊದಲಾಯಿತು.

ಚಿತ್ರವನ್ನು ತಂತಿಯ ಮೂಲಕ ಕಳುಹಿಸುವ ವಿಚಾರ ಅವನಿಗಿಂತ ಮೊದಲೇ ಹುಟ್ಟಿತ್ತು. ಸೆಲೆನಿಯಂ ಎಂಬ ಧಾತುವಿನ ಮೇಲೆ ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆಂಬುದು 1873ರಲ್ಲಿ ತಿಳಿದುಬಂದಿತ್ತು. 1884ರಲ್ಲಿ ಜರ್ಮನಿಯ ಪಾಲ್ ನಿಪ್ಕೋ ಎಂಬ ವಿದ್ಯಾರ್ಥಿಯು ರಂಧ್ರಗಳುಳ್ಳ ತಿರುಗುವ ತಟ್ಟೆಯೊಂದನ್ನು ಕಲ್ಪಿಸಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದನು. ಈ ತಟ್ಟೆಯ ಗುಟ್ಟನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಸೆಟ್ಟೂರಿನ ಸುತ್ತಲಿನ ಶೇಂಗಾ ಹೊಲಗಳನ್ನು ನೋಡಿದರೆ ಸಾಕು. ಇಡೀ ಹೊಲವನ್ನು ಒಂದೇ ಏಟಿಗೆ ಉಳಲು ಯಾವ ರೈತನಿಂದಲೂ ಆಗದು. ಒಂದು ಸಾಲು ಮುಗಿಸಿ, ಅದರ ಪಕ್ಕಕ್ಕೆ ಇನ್ನೊಂದು ಸಾಲು ಹಿಡಿಯುತ್ತಾನೆ. ತಟ್ಟೆಯ ರಂಧ್ರಗಳೂ ಹಾಗೆಯೇ. ಅವು ಅಂಚಿನ ಬಳಿ ಸುರುಳಿಯಾಗಿ ಜೋಡಿಸಲ್ಪಟ್ಟಿರುತ್ತವೆ. ಪ್ರತಿಯೊಂದು ರಂಧ್ರವೂ ಹಿಂದಿನದಕ್ಕಿಂತ ಕೊಂಚ ಒಳಗಿರುತ್ತದೆ. ತಟ್ಟೆ ತಿರುಗಿದಾಗ ಮೊದಲ ರಂಧ್ರ ಚಿತ್ರದ ಒಂದು ಸಾಲನ್ನು ಸವರಿಕೊಂಡು ಹೋದರೆ ಎರಡನೆಯದು ಅದರ ಪಕ್ಕದ ಸಾಲನ್ನು ಸವರುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಪೂರ್ತಿ ಚಿತ್ರ ಸಾಲುಸಾಲಾಗಿ ಬಿಡಿಸಲ್ಪಡುತ್ತದೆ. ಪ್ರತಿ ಬಿಂದುವಿನ ಬೆಳಕು ವಿದ್ಯುತ್ತಾಗಿ ಮಾರ್ಪಟ್ಟು ಹೊರಡುತ್ತದೆ. ಇನ್ನೊಂದು ತುದಿಯಲ್ಲಿ ಅಂಥದೇ ತಟ್ಟೆ, ಅದೇ ವೇಗದಲ್ಲಿ ತಿರುಗುತ್ತ, ಒಂದು ದೀಪದ ಏರಿಳಿತವನ್ನು ಮತ್ತೆ ಸಾಲುಸಾಲಾಗಿ ಕಟ್ಟುತ್ತದೆ. ನಮ್ಮ ಕಣ್ಣು ಕಂಡದ್ದನ್ನು ಕ್ಷಣಕಾಲ ಹಿಡಿದಿಡುವುದರಿಂದ ಸಾಲುಗಳೆಲ್ಲ ಕೂಡಿ ಒಂದೇ ಚಿತ್ರವಾಗಿ ತೋರುತ್ತವೆ.

ಹೇಸ್ಟಿಂಗ್ಸಿನ ಬಾಡಿಗೆ ಕೋಣೆಯಲ್ಲಿ ಬೇರ್ಡನು ಈ ತತ್ತ್ವಕ್ಕೆ ರೂಪ ಕೊಡತೊಡಗಿದನು. ಚಹದ ಪೆಟ್ಟಿಗೆಯೇ ಪೀಠ, ಟೋಪಿಯ ಡಬ್ಬಿಯ ರಟ್ಟೇ ತಟ್ಟೆ. ಸೈಕಲ್ ದೀಪದ ಗಾಜುಗಳು ಮಸೂರಗಳಾದವು. ರಫೂ ಮಾಡುವ ಸೂಜಿಗಳು, ಅರಗು, ಅಂಟು, ದಾರ ಇವೇ ಉಳಿದ ಸಾಮಗ್ರಿ. 1924ರ ಆರಂಭದಲ್ಲಿ ಶಿಲುಬೆಯಂಥ ಒಂದು ಆಕೃತಿಯ ನೆರಳು ಕೆಲವೇ ಅಡಿಗಳ ದೂರಕ್ಕೆ ಸಾಗಿ ಮಿನುಗಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಸಾವಿರ ವೋಲ್ಟಿನಷ್ಟು ವಿದ್ಯುತ್ ತಗುಲಿ ಅವನು ನೆಲಕ್ಕುರುಳಿದನು. ಕೈ ಸುಟ್ಟಿತು, ಪ್ರಾಣ ಮಾತ್ರ ಉಳಿಯಿತು. ಕಟ್ಟಡದ ಮಾಲಿಕನು ಜಾಗ ಬಿಡುವಂತೆ ಹೇಳಿದನು.

ಬೇರ್ಡನು ತನ್ನ ತಟ್ಟೆ ತಂತಿಗಳನ್ನು ಕಟ್ಟಿಕೊಂಡು ಲಂಡನ್ನಿನ ಫ್ರಿತ್ ಬೀದಿಯ 22ನೆಯ ಸಂಖ್ಯೆಯ ಮನೆಯ ಅಟ್ಟವನ್ನು ಸೇರಿದನು. 1925ರಲ್ಲಿ ಸೆಲ್ಫ್ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕೆಲವು ವಾರ ತನ್ನ ಯಂತ್ರವನ್ನು ಪ್ರದರ್ಶಿಸಿ ಒಂದಿಷ್ಟು ಹಣ ಸಂಪಾದಿಸಿದನು. ಆಗ ಕಾಣುತ್ತಿದ್ದುದು ಬರಿಯ ನೆರಳು ಮಾತ್ರ. ಮುಖದ ಮೇಲಿನ ಬೆಳಕು, ಮಬ್ಬು, ಕತ್ತಲೆಗಳ ತರತಮ ಕಾಣುತ್ತಿರಲಿಲ್ಲ. ಮನುಷ್ಯನ ಮುಖವನ್ನು ಮುಖವೆಂದು ಗುರುತಿಸುವಂತೆ ತೋರಿಸುವುದೇ ಅವನ ಗುರಿಯಾಗಿತ್ತು.

ದೀಪಗಳ ಕಾವು ಸಹಿಸಲಸಾಧ್ಯವಾದ್ದರಿಂದ ಪ್ರಯೋಗಕ್ಕೆ ಅವನು ಗೊಂಬೆಯ ತಲೆಯೊಂದನ್ನು ಇಟ್ಟುಕೊಂಡಿದ್ದನು. ಅದರ ಹೆಸರು ಸ್ಟೂಕಿ ಬಿಲ್. 1925ರ ಅಕ್ಟೋಬರ್ 2ರಂದು ಆ ಗೊಂಬೆಯ ಕಣ್ಣು ಮೂಗು ಬಾಯಿಗಳು ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದವು. ಬೇರ್ಡನು ಮೆಟ್ಟಿಲಿಳಿದು ಓಡಿ, ಕೆಳಗಿನ ಕಚೇರಿಯಲ್ಲಿದ್ದ ವಿಲಿಯಂ ಟೇಂಟನ್ ಎಂಬ ತರುಣನನ್ನು ಕರೆತಂದು ಯಂತ್ರದ ಮುಂದೆ ಕೂಡಿಸಿದನು. ಇತ್ತ ಬಂದು ನೋಡಿದರೆ ಪರದೆ ಬರಿದು! ಕಾವಿಗೆ ಹೆದರಿದ ಹುಡುಗ ಹಿಂದಕ್ಕೆ ಸರಿದಿದ್ದನು. ಅರ್ಧ ಕ್ರೌನ್ ನಾಣ್ಯವನ್ನು ಅವನ ಕೈಗಿಟ್ಟು ಮತ್ತೆ ಕೂಡಿಸಬೇಕಾಯಿತು. ಹೀಗೆ ದೂರದರ್ಶನದಲ್ಲಿ ಮುಖ ತೋರಿಸಿದ ಮೊದಲ ಮನುಷ್ಯನೆಂಬ ಕೀರ್ತಿ ಒಬ್ಬ ಕಚೇರಿಯ ಹುಡುಗನಿಗೆ ಸಂದಿತು. 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸುಮಾರು 40 ಮಂದಿ ಸದಸ್ಯರು ಆ ಇಕ್ಕಟ್ಟಾದ ಅಟ್ಟವನ್ನೇರಿ ಈ ವಿಸ್ಮಯವನ್ನು ಕಣ್ಣಾರೆ ಕಂಡರು.

ಅಲ್ಲಿಂದ ಮುಂದೆ ಬೇರ್ಡನ ಓಟವನ್ನು ತಡೆಯುವವರಿರಲಿಲ್ಲ. 1927ರಲ್ಲಿ ಲಂಡನ್ನಿನಿಂದ ಗ್ಲಾಸ್ಗೋವರೆಗೆ 438 ಮೈಲಿಗಳ ಟೆಲಿಫೋನ್ ತಂತಿಯ ಮೇಲೆ ಚಿತ್ರ ಹರಿಯಿತು. 1928ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕೆಯನ್ನು ಮುಟ್ಟಿತು. ಅದೇ ವರ್ಷದ ಜುಲೈ 3ರಂದು ಬಣ್ಣದ ಚಿತ್ರವನ್ನೂ ತೋರಿಸಿದನು. 1929ರ ಸೆಪ್ಟೆಂಬರ್ 30ರಿಂದ ಬಿ.ಬಿ.ಸಿ.ಯ ಪ್ರಸಾರಯಂತ್ರದ ಮೂಲಕ ಅವನ ಪ್ರಾಯೋಗಿಕ ಪ್ರಸಾರ ಆರಂಭವಾಯಿತು. 1930ರಲ್ಲಿ ‘ಟೆಲಿವೈಸರ್’ ಎಂಬ ಹೆಸರಿನ ಅವನ ಯಂತ್ರ ಮಾರುಕಟ್ಟೆಗೆ ಬಂದಿತು. ಸುಮಾರು ಒಂದು ಸಾವಿರ ಯಂತ್ರಗಳು ತಯಾರಾದವು. ಕೊಳ್ಳಲಾರದವರು ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿಕೊಂಡರು. 1931ರಲ್ಲಿ ಡರ್ಬಿ ಕುದುರೆ ಪಂದ್ಯವನ್ನು ನಡೆಯುತ್ತಿರುವಾಗಲೇ ಪ್ರಸಾರ ಮಾಡಲಾಯಿತು. ಆ ವರ್ಷವೇ ಪಿಯಾನೋ ವಾದಕಿ ಮಾರ್ಗರೆಟ್ ಆಲ್ಬೂಳನ್ನು ಅವನು ಮದುವೆಯಾದನು.

ಆ ಟೆಲಿವೈಸರನ್ನು ಇಂದಿನ ಟಿ.ವಿ.ಯೊಡನೆ ಹೋಲಿಸಿದರೆ ನಗು ಬರಬಹುದು. ಅದರ ಚಿತ್ರಕ್ಕಿದ್ದುದು 30 ಸಾಲುಗಳು ಮಾತ್ರ. ಸೆಕೆಂಡಿಗೆ ಹನ್ನೆರಡೂವರೆ ಚಿತ್ರಗಳು. ಚಿತ್ರದ ಗಾತ್ರ ಅಂಚೆ ಚೀಟಿಗಿಂತ ಬಹಳ ದೊಡ್ಡದಲ್ಲ. ಅದನ್ನು ಮಸೂರದ ಮೂಲಕ ಹಿಗ್ಗಿಸಿ ನೋಡಬೇಕಾಗಿತ್ತು. ನಿಯಾನ್ ದೀಪದ ಬೆಳಕಾದ್ದರಿಂದ ಎಲ್ಲವೂ ಕಿತ್ತಳೆಗೆಂಪು. ಆದರೂ ಆ ಪುಟ್ಟ ಕಿಂಡಿಯಲ್ಲಿ ಹಾಡುವವರ ತುಟಿ ಅಲುಗುವುದು ಕಾಣುತ್ತಿತ್ತು. ಅಂದಿನ ಜನಕ್ಕೆ ಅದೇ ಇಂದ್ರಜಾಲವಾಗಿತ್ತು.

ಬೇರ್ಡನ ಏಳಿಗೆ ಎಷ್ಟು ಬೇಗ ಬಂದಿತೋ ಇಳಿತವೂ ಅಷ್ಟೇ ಬೇಗ ಬಂದಿತು. ಅಮೆರಿಕೆಯಲ್ಲಿ ಫಾರ್ನ್ಸ್‌ವರ್ತ್ ಮತ್ತು ಜ್ವೋರಿಕಿನ್ ಎಂಬ ವಿಜ್ಞಾನಿಗಳು ತಿರುಗುವ ತಟ್ಟೆಯ ಬದಲು ಎಲೆಕ್ಟ್ರಾನ್ ಕಿರಣದಿಂದ ಚಿತ್ರ ಬಿಡಿಸುವ ವಿಧಾನವನ್ನು ಬೆಳೆಸಿದ್ದರು. ಇಂಗ್ಲೆಂಡಿನಲ್ಲಿಯೂ ಮಾರ್ಕೋನಿ-ಇ.ಎಂ.ಐ. ಕಂಪನಿ ಆ ಹಾದಿಯನ್ನೇ ಹಿಡಿಯಿತು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಿಂದ ಬಿ.ಬಿ.ಸಿ. ತನ್ನ ಹೊಸ ಸೇವೆಯನ್ನು ಆರಂಭಿಸಿದಾಗ ಬೇರ್ಡನ 240 ಸಾಲುಗಳ ಪದ್ಧತಿಗೂ ಪ್ರತಿಸ್ಪರ್ಧಿಯ 405 ಸಾಲುಗಳ ಪದ್ಧತಿಗೂ ಸರದಿಯ ಮೇಲೆ ಅವಕಾಶ ದೊರೆಯಿತು. ಅದೇ ತಿಂಗಳ 30ರಂದು ಕ್ರಿಸ್ಟಲ್ ಪ್ಯಾಲೇಸಿಗೆ ಬೆಂಕಿ ಬಿದ್ದು ಅಲ್ಲಿದ್ದ ಬೇರ್ಡ್ ಕಂಪನಿಯ ಪ್ರಯೋಗಶಾಲೆಗಳು ಬೂದಿಯಾದವು. 1937ರ ಫೆಬ್ರವರಿಯಲ್ಲಿ ಅವನ ಪದ್ಧತಿಯನ್ನು ಕೈಬಿಡಲಾಯಿತು. ದೂರದರ್ಶನವನ್ನು ಜಗತ್ತಿಗೆ ತೋರಿಸಿದವನೇ ದೂರದರ್ಶನದಿಂದ ಹೊರಗಾದನು.

ಇಲ್ಲಿ ನಾವು ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಬೇರ್ಡನ ತಟ್ಟೆ ಸೋತದ್ದು ಯಾರ ದ್ವೇಷದಿಂದಲೂ ಅಲ್ಲ. ತಿರುಗುವ ಯಂತ್ರಕ್ಕೆ ಒಂದು ಮಿತಿಯುಂಟು. ಎಲೆಕ್ಟ್ರಾನ್ ಕಿರಣಕ್ಕೆ ಭಾರವೇ ಇಲ್ಲವೆಂದರೂ ಸಲ್ಲುವುದರಿಂದ ಅದರ ಓಟ ಬೇರೆ. ಬೇರ್ಡನೂ ಇದನ್ನು ಅರಿತನು. ಹಳೆಯದಕ್ಕೆ ಜೋತುಬೀಳದೆ ಎಲೆಕ್ಟ್ರಾನ್ ಪದ್ಧತಿಯಲ್ಲೇ ಬಣ್ಣದ ಚಿತ್ರಕ್ಕಾಗಿ ಸ್ವಂತ ಹಣ ಸುರಿದು ದುಡಿದನು. ಯುದ್ಧದ ಬಾಂಬುಗಳ ನಡುವೆ, 1944ರ ಆಗಸ್ಟಿನಲ್ಲಿ, ಟೆಲಿಕ್ರೋಮ್ ಎಂಬ ಬಣ್ಣದ ಚಿತ್ರನಳಿಕೆಯನ್ನು ತೋರಿಸಿದನು. ಯುದ್ಧಕಾಲದಲ್ಲಿ ನಿಂತಿದ್ದ ಬಿ.ಬಿ.ಸಿ. ದೂರದರ್ಶನ 1946ರ ಜೂನ್ 7ರಂದು ಮತ್ತೆ ಆರಂಭವಾಯಿತು. ಅದಾದ ಒಂದು ವಾರಕ್ಕೆ, ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಊರಿನಲ್ಲಿ ಬೇರ್ಡನು ಕಣ್ಣು ಮುಚ್ಚಿದನು. ಆಗ ಅವನಿಗೆ 57 ವರ್ಷ. ಹುಟ್ಟಿದ ಊರಿನಲ್ಲಿಯೇ ಅವನ ಸಮಾಧಿಯಿದೆ.

ಸಾಮಾನ್ಯವಾಗಿ ಮಹಾಪುರುಷರ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಬೇರ್ಡನ ಚರಿತ್ರೆಗೆ ಮಾತ್ರ ಇನ್ನೊಂದು ಅಧ್ಯಾಯವಿದೆ. ಅವನ ಯಂತ್ರಗಳಲ್ಲಿ ಕೆಲವು ಅಟ್ಟಗಳಲ್ಲಿ, ಉಗ್ರಾಣಗಳಲ್ಲಿ ಧೂಳು ಹಿಡಿದು ಉಳಿದಿದ್ದವು. ಹಳೆಯ ಯಂತ್ರಗಳಲ್ಲಿ ಪ್ರೀತಿಯುಳ್ಳವರು ಅವನ್ನು ಹುಡುಕಿ ತೆಗೆದು ಮತ್ತೆ ನಡೆಯುವಂತೆ ಮಾಡಿದರು. ಆ ಕೆಲಸ ಹೇಗಿರುತ್ತದೆಂಬುದನ್ನು ತಿಳಿದರೆ ಬೇರ್ಡನ ಜಾಣ್ಮೆ ನಮಗೆ ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ.

ಮೊದಲು ತಟ್ಟೆಯನ್ನು ಪರೀಕ್ಷಿಸಬೇಕು. ಅದು ತೆಳುವಾದ ಅಲ್ಯೂಮಿನಿಯಂ ತಟ್ಟೆ. ಎಲ್ಲಾದರೂ ಬಾಗಿದ್ದರೆ ತಿರುಗುವಾಗ ಓಲಾಡಿ ಚಿತ್ರವೂ ಓಲಾಡುತ್ತದೆ. 30 ರಂಧ್ರಗಳಲ್ಲಿ ಒಂದಕ್ಕೆ ಧೂಳು ಮೆತ್ತಿದ್ದರೂ ಚಿತ್ರದಲ್ಲಿ ಒಂದು ಕಪ್ಪು ಪಟ್ಟಿ ಬೀಳುತ್ತದೆ; ಆ ಪಟ್ಟಿ ಎಷ್ಟನೆಯದೆಂದು ಎಣಿಸಿದರೆ ಯಾವ ರಂಧ್ರದಲ್ಲಿ ದೋಷವಿದೆಯೆಂದು ತಿಳಿಯುತ್ತದೆ. ಅನಂತರ ಮೋಟಾರು. ಅದರ ಹಳೆಯ ಎಣ್ಣೆ ಜಿಗುಟಾಗಿ ಹೆಪ್ಪುಗಟ್ಟಿರುತ್ತದೆ; ಅದನ್ನು ಒರೆಸಿ ಹೊಸ ಎಣ್ಣೆ ಬಿಡಬೇಕು. ತಟ್ಟೆ ನಿಮಿಷಕ್ಕೆ ಸರಿಯಾಗಿ 750 ಸುತ್ತು ತಿರುಗಬೇಕು. ಕೊಂಚ ಹೆಚ್ಚು ಕಡಿಮೆಯಾದರೆ ಚಿತ್ರ ಜಾರಿಕೊಂಡು ಹೋಗುತ್ತದೆ. ಇದನ್ನು ತಡೆಯಲು ಬೇರ್ಡನು 30 ಹಲ್ಲುಗಳ ಒಂದು ಚಕ್ರವನ್ನು ವಿದ್ಯುದಯಸ್ಕಾಂತಗಳ ನಡುವೆ ಇರಿಸಿದ್ದನು. ಬರುವ ಸಂಕೇತವೇ ಸೆಕೆಂಡಿಗೆ 375 ಸಲ ಅಯಸ್ಕಾಂತವನ್ನು ಚೇತನಗೊಳಿಸಿ ಹಲ್ಲುಗಳನ್ನು ಹಿಡಿದೆಳೆದು ವೇಗವನ್ನು ಹದ್ದಿನಲ್ಲಿಡುತ್ತಿತ್ತು. ಇನ್ನು ನಿಯಾನ್ ದೀಪ. ಅದು ಸತ್ತಿದ್ದರೆ ಅಂಥದು ಮತ್ತೆ ಸಿಕ್ಕುವುದು ದುರ್ಲಭ. ಆದ್ದರಿಂದ ಕೆಲವರು ಇಂದಿನ ಎಲ್.ಇ.ಡಿ. ದೀಪಗಳನ್ನು ಹಾಕಿ, ಮೂಲ ದೀಪವನ್ನು ಜೋಪಾನವಾಗಿ ತೆಗೆದಿಡುತ್ತಾರೆ. ಹಳೆಯ ಭಾಗವನ್ನು ಎಸೆಯದಿರುವುದು ಈ ಕೆಲಸದ ಮೊದಲ ನಿಯಮ.

ಎಲ್ಲವೂ ಸರಿಹೋಯಿತು, ತಟ್ಟೆ ತಿರುಗಿತು, ದೀಪ ಹೊತ್ತಿತು. ಆದರೂ ಚಿತ್ರ ಬಾರದು! ಏಕೆಂದರೆ 30 ಸಾಲುಗಳ ಪ್ರಸಾರ 1935ರ ಸೆಪ್ಟೆಂಬರಿನಲ್ಲೇ ನಿಂತುಹೋಯಿತು. ಯಂತ್ರ ಸಿದ್ಧವಾಗಿದೆ, ಅದಕ್ಕೆ ತಿಳಿಯುವ ಭಾಷೆಯಲ್ಲಿ ಮಾತನಾಡುವವರು ಯಾರೂ ಇಲ್ಲ. ಆದ್ದರಿಂದ ಅದರ ಭಾಷೆಯನ್ನೂ ಮತ್ತೆ ಕಲಿಯಬೇಕಾಯಿತು. ಬೇರ್ಡನ ಚಿತ್ರಸಂಕೇತ ಧ್ವನಿಯಷ್ಟೇ ಕಿರಿದಾದ್ದರಿಂದ ಅದನ್ನು ಧ್ವನಿಸುರುಳಿಯಲ್ಲಿಯೋ ಕಂಪ್ಯೂಟರಿನಲ್ಲಿಯೋ ಸಿದ್ಧಪಡಿಸಿ ಯಂತ್ರಕ್ಕೆ ಉಣಿಸಬಹುದು. ಇಂಥ ಆಸಕ್ತರ ಸಂಘವೊಂದು ಇಂಗ್ಲೆಂಡಿನಲ್ಲಿ 1975ರಲ್ಲಿ ಸ್ಥಾಪನೆಯಾಯಿತು. ಮುಂದೆ ಬಂದ 405 ಸಾಲುಗಳ ಯಂತ್ರಗಳಿಗೂ ಇದೇ ಗತಿ. ಆ ಪ್ರಸಾರ 1985ರ ಜನವರಿಯಲ್ಲಿ ನಿಂತಿತು. ಇಂದು ಅವುಗಳನ್ನು ನಡೆಸಬೇಕಾದರೆ ಹೊಸ ಚಿತ್ರವನ್ನು ಹಳೆಯ ಸಾಲುಗಳಿಗೆ ಬದಲಿಸಿಕೊಡುವ ಇನ್ನೊಂದು ಪೆಟ್ಟಿಗೆ ಬೇಕು.

ಇದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದುಂಟು. 1927-28ರಲ್ಲಿ ಬೇರ್ಡನು ತನ್ನ ಚಿತ್ರಸಂಕೇತವನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಕೊರೆಸಿಟ್ಟಿದ್ದನು. ಅವನಿಗೆ ಅವುಗಳಿಂದ ಚಿತ್ರವನ್ನು ತೃಪ್ತಿಕರವಾಗಿ ಮರಳಿ ಪಡೆಯಲಾಗಲಿಲ್ಲ. 1980ರ ದಶಕದಲ್ಲಿ ಡೊನಾಲ್ಡ್ ಮೆಕ್‌ಲೀನ್ ಎಂಬ ಎಂಜಿನಿಯರ್ ಆ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಕೊರೆಯುವಾಗ ಆಗಿದ್ದ ಅದುರಾಟದ ದೋಷಗಳನ್ನು ಒಂದೊಂದಾಗಿ ತಿದ್ದಿದನು. ಕರಕರ ಸದ್ದಿನ ಆ ತಟ್ಟೆಗಳೊಳಗಿನಿಂದ ಸ್ಟೂಕಿ ಬಿಲ್ ಗೊಂಬೆಯ ಮುಖವೂ, ತಲೆಯಾಡಿಸುವ ಒಬ್ಬ ಮಹಿಳೆಯ ಮುಖವೂ ಎದ್ದುಬಂದವು. ಬೇರ್ಡನು ತಾನೇ ಹಿಡಿದಿಟ್ಟು, ತಾನು ಚೆನ್ನಾಗಿ ಕಾಣಲಾಗದೆ ಹೋದ ಚಿತ್ರಗಳನ್ನು ಅವನು ಸತ್ತು ಮೂವತ್ತೈದು ವರ್ಷಗಳಾದ ಮೇಲೆ ಜಗತ್ತು ಕಂಡಿತು.

ನಮ್ಮ ನಾಡಿಗೆ ದೂರದರ್ಶನ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಬಂದಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ನಮ್ಮ ಅನಂತಪುರಕ್ಕೆ ನೆರೆಯ ಕರ್ನೂಲು ಜಿಲ್ಲೆಯ ಹಳ್ಳಿಗಳು ತೆಲುಗಿನಲ್ಲಿಯೂ, ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಕನ್ನಡದಲ್ಲಿಯೂ ಅವುಗಳನ್ನು ನೋಡಿದವು. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ಆ ಕಾಲದ ಮರದ ಪೆಟ್ಟಿಗೆಯ, ಮಡಿಸುವ ಬಾಗಿಲಿನ ಕಪ್ಪು-ಬಿಳುಪು ಟಿ.ವಿ.ಗಳು ಎಷ್ಟೋ ಮನೆಗಳ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರಬಹುದು. ಅವನ್ನು ಕಂಡಕೂಡಲೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸೋಣ. ಆದರೆ ಒಂದು ಎಚ್ಚರಿಕೆ: ಹಳೆಯ ಟಿ.ವಿ.ಯೊಳಗೆ ತಂತಿ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಗಾಜಿನ ಚಿತ್ರನಳಿಕೆಯೊಳಗೆ ಗಾಳಿಯಿಲ್ಲದ್ದರಿಂದ ಅದು ಒಡೆದರೆ ಚೂರುಗಳು ಸಿಡಿಯುತ್ತವೆ. ಬಲ್ಲವರ ಕೈಯಲ್ಲಿ ಮಾತ್ರ ಅದನ್ನು ತೆರೆಸಬೇಕು. ಅವರು ಮೊದಲು ಒಣಗಿ ಹಾಳಾದ ಕೆಪಾಸಿಟರುಗಳನ್ನು ಬದಲಿಸಿ, ಬಳಿಕ ವಿದ್ಯುತ್ತನ್ನು ಒಮ್ಮೆಲೇ ಹಾಯಿಸದೆ ಮೆಲ್ಲಮೆಲ್ಲನೆ ಏರಿಸುತ್ತಾರೆ. ಬಹಳ ದಿನ ಉಪವಾಸವಿದ್ದವನಿಗೆ ಮೊದಲು ಗಂಜಿ ಕೊಡುವಂತೆಯೇ ಇದು.

ವಿದ್ಯಾರ್ಥಿ ಮಿತ್ರರು ಟಿ.ವಿ.ಯನ್ನು ಬಿಚ್ಚದಿದ್ದರೂ ಬೇರ್ಡನ ತಟ್ಟೆಯನ್ನು ತಾವೇ ಮಾಡಿ ನೋಡಬಹುದು. ದಪ್ಪ ರಟ್ಟಿನ ವೃತ್ತ, ಒಂದು ಕೋನಮಾಪಕ, ಒಂದು ಸೂಜಿ ಸಾಕು. 12 ಡಿಗ್ರಿಗೆ ಒಂದರಂತೆ 30 ರಂಧ್ರಗಳನ್ನು, ಒಂದಕ್ಕಿಂತ ಒಂದು ಒಳಗಿರುವಂತೆ ಸುರುಳಿಯಾಗಿ ಚುಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರೆ, ರಂಧ್ರಗಳ ಸಾಲುಗಳು ಕೂಡಿ ಬೆಳಕಿನ ಒಂದು ಪಟ್ಟಿಯೇ ಮೂಡುವುದು ಕಾಣುತ್ತದೆ. 1923ರಲ್ಲಿ ಹೇಸ್ಟಿಂಗ್ಸಿನ ಕೋಣೆಯಲ್ಲಿ ಬೇರ್ಡನ ಮುಂದಿದ್ದುದೂ ಹೆಚ್ಚುಕಡಿಮೆ ಇಷ್ಟೇ.

ಬೇರ್ಡನ ಜೀವನದಿಂದ ನಾವು ಕಲಿಯಬೇಕಾದುದೇನು? ಗೆದ್ದವರು ಮಾತ್ರ ಬೆಳಕು ತರುವುದಿಲ್ಲ. ಬೇರ್ಡನ ತಟ್ಟೆ ಸೋತಿತು, ಆದರೆ ಮನುಷ್ಯನ ಮುಖವನ್ನು ದೂರಕ್ಕೆ ಕಳುಹಿಸಬಹುದೆಂಬ ನಂಬಿಕೆಯನ್ನು ಲೋಕಕ್ಕೆ ಕೊಟ್ಟು ಸೋತಿತು. ಎರಡನೆಯದಾಗಿ, ಹಳೆಯದು ನಿಂತುಹೋಯಿತೆಂದರೆ ಸತ್ತಿತೆಂದು ಅರ್ಥವಲ್ಲ. ಅದರ ಧೂಳೊರೆಸಿ, ಅದರ ಭಾಷೆಯನ್ನು ಕಲಿತು, ಅದಕ್ಕೆ ತಿಳಿಯುವಂತೆ ಮಾತನಾಡುವವರಿದ್ದರೆ ಅದು ಮತ್ತೆ ಬೆಳಗುತ್ತದೆ. ತೆಲುಗು ನಾಡಿನ ಅಂಚಿನಲ್ಲಿ ಕುಳಿತು ಕನ್ನಡದಲ್ಲಿ ಓದುತ್ತಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಸಿಕ್ಕ ರಟ್ಟು ಸೂಜಿಗಳಿಂದಲೇ ಕೆಲಸ ಆರಂಭಿಸಿದ ಆ ಬಡ ಸಂಶೋಧಕನ ಶ್ರದ್ಧೆ ನಮ್ಮ ಶಾಲೆಯ ಬಾಲಕ ಬಾಲಕಿಯರಿಗೂ ಬರಲಿ ಎಂದು ಹಾರೈಸುತ್ತೇವೆ.